ಜಾರ್ಜ್ ಸಾಲ್ಮನ್: ಪೋಪರ ಮಾತಿಗೆ ಪುರಾವೆ ಕೇಳಿದ ಗಣಿತಜ್ಞ ಪಾದ್ರಿ – ಪದೇ ಪದೇ ಕೇಳುವ ಪ್ರಶ್ನೆಗಳು

ಶಂಕುಜಗಳ (ದೀರ್ಘವೃತ್ತ, ಪರವಲಯದಂಥ ವಕ್ರರೇಖೆಗಳ) ಪಠ್ಯಪುಸ್ತಕ ಬರೆದ ಸಾಲ್ಮನ್, ಪೋಪರ ಅಧಿಕಾರದ ವಿರುದ್ಧ ಬರೆದ ಸಾಲ್ಮನ್ – ಇಬ್ಬರೂ ಒಬ್ಬರೇನಾ?

ಒಬ್ಬರೇ. ಗಣಿತದ ದಾರಿಯಿಂದ ಬಂದವರಿಗೆ ಎರಡನೆಯ ಸಾಲ್ಮನ್ ಗೊತ್ತಿರುವುದಿಲ್ಲ, ದೇವತಾಶಾಸ್ತ್ರದ ದಾರಿಯಿಂದ ಬಂದವರಿಗೆ ಮೊದಲನೆಯವರು ಗೊತ್ತಿರುವುದಿಲ್ಲ. ಜಾರ್ಜ್ ಸಾಲ್ಮನ್ (1819–1904) 1833ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಓದಲು ಬಂದರು. ಆಮೇಲೆ ಆ ಕಾಲೇಜನ್ನು ಬಿಟ್ಟು ಹೋಗಲೇ ಇಲ್ಲ. 1841ರಲ್ಲಿ ಫೆಲೋ (ಕಾಲೇಜಿನ ಖಾಯಂ ಬೋಧಕ ಸದಸ್ಯ) ಆಗಿ ಆಯ್ಕೆಯಾದ ಮೇಲೆ ಇಪ್ಪತ್ತೈದು ವರ್ಷ ಮುಖ್ಯವಾಗಿ ಗಣಿತ ಕಲಿಸಿದರು. 1866ರಿಂದ 1888ರವರೆಗೆ ದೇವತಾಶಾಸ್ತ್ರದ ರೀಜಿಯಸ್ ಪ್ರೊಫೆಸರ್ ಆಗಿದ್ದರು. ಅಲ್ಲಿಂದ ಸಾಯುವವರೆಗೆ ಕಾಲೇಜಿನ ಮುಖ್ಯಸ್ಥರು, ಅಂದರೆ ಪ್ರೊವೋಸ್ಟ್. ಪ್ರಾಣ ಬಿಟ್ಟದ್ದೂ ಪ್ರೊವೋಸ್ಟರ ಮನೆಯಲ್ಲೇ.

ಅವರ ಮನೆತನ ಎಂಥದು?

ತಂದೆ ನಾರುಬಟ್ಟೆಯ ವ್ಯಾಪಾರಿ. ತಾಯಿಯ ತಂದೆ ಪಾದ್ರಿ. ಹುಡುಗ ಬೆಳೆದದ್ದು, ಶಾಲೆ ಕಲಿತದ್ದು ಕಾರ್ಕ್ ಪಟ್ಟಣದಲ್ಲಿ. 1844ರಲ್ಲಿ ಪಾದ್ರಿಪಟ್ಟಕ್ಕೆ ಮೊದಲಿನ ಹಂತವಾದ ಡೀಕನ್ ಪಟ್ಟ, ಅದೇ ವರ್ಷ ಮದುವೆ, ಮರುವರ್ಷ ಪಾದ್ರಿಪಟ್ಟ. ಆ ಕಾಲದ ಟ್ರಿನಿಟಿಯಲ್ಲಿ ಹೆಚ್ಚಿನ ಫೆಲೋಗಳು ಪಾದ್ರಿಪಟ್ಟ ಪಡೆಯಲೇಬೇಕೆಂಬ ನಿಯಮವಿತ್ತು. ಹಾಗಾಗಿ ಗಣಿತದ ಮೇಷ್ಟ್ರು ಪಾದ್ರಿಯೂ ಆಗಿದ್ದರು ಎಂಬುದರಲ್ಲಿ ಅಚ್ಚರಿಯೇನಿಲ್ಲ. ಆ ಪಾದ್ರಿತನವನ್ನು ಇವರು ಇಷ್ಟು ಮನಸ್ಸಿಟ್ಟು ತೆಗೆದುಕೊಂಡರಲ್ಲ, ಅದು ಅಚ್ಚರಿ.

ಐರ್ಲೆಂಡ್ ಕ್ಯಾಥೊಲಿಕ್ ದೇಶ ಅಲ್ಲವೇ? ಅಲ್ಲಿ ಆಂಗ್ಲಿಕನ್ ಪಾದ್ರಿ ಹೇಗೆ?

ಸಾಲ್ಮನ್ ಅವರ ಬದುಕು ಅರ್ಥವಾಗಬೇಕಾದರೆ ಇಲ್ಲಿಂದಲೇ ಶುರುಮಾಡಬೇಕು. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಅರಸರು ರೋಮ್‌ನ ಅಧೀನದಿಂದ ಹೊರಬಂದು ತಮ್ಮದೇ ಚರ್ಚ್ ಕಟ್ಟಿಕೊಂಡಾಗ ಅದನ್ನೇ ಐರ್ಲೆಂಡಿನ ಮೇಲೂ ಹೇರಿದರು. ಜನ ಮಾತ್ರ ಒಪ್ಪಲಿಲ್ಲ. 1861ರ ಜನಗಣತಿಯ ಪ್ರಕಾರ ಐರ್ಲೆಂಡಿನ ಸುಮಾರು 58 ಲಕ್ಷ ಜನರಲ್ಲಿ 45 ಲಕ್ಷ ಕ್ಯಾಥೊಲಿಕರು. ಆಂಗ್ಲಿಕನ್ನರು ಏಳು ಲಕ್ಷವೂ ಇರಲಿಲ್ಲ. ಆದರೂ ಸರ್ಕಾರಿ ಚರ್ಚ್ ಎಂಬ ಪಟ್ಟ ಆ ಏಳು ಲಕ್ಷದವರ ‘ಚರ್ಚ್ ಆಫ್ ಐರ್ಲೆಂಡ್’ಗೆ. ಸಾಲ್ಮನ್ ಅದರ ಪಾದ್ರಿ.

ನಮ್ಮ ಕಡೆಯವರಿಗೆ ಒಂದು ಗುರುತು ಹೇಳುವುದಾದರೆ, ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಇದೇ ಆಂಗ್ಲಿಕನ್ ಪರಂಪರೆಯಲ್ಲಿ ಕಟ್ಟಿದ್ದು. 1947ರಲ್ಲಿ ದಕ್ಷಿಣ ಭಾರತದ ಆಂಗ್ಲಿಕನ್ನರು ಮೆಥಡಿಸ್ಟ್ ಮೊದಲಾದ ಸಭೆಗಳ ಜೊತೆ ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಆದರು. ‘ಧರ್ಮಸಭೆ’, ‘ಬಲಿಪೂಜೆ’ ಎನ್ನುವವರು ಕ್ಯಾಥೊಲಿಕರು, ‘ಸಭೆ’, ‘ಆರಾಧನೆ’ ಎನ್ನುವವರು ಪ್ರೊಟೆಸ್ಟೆಂಟರು ಎಂದು ನಾವು ಮಾತಿನಲ್ಲೇ ಗುರುತು ಹಿಡಿಯುತ್ತೇವೆ. ಡಬ್ಲಿನ್‌ನಲ್ಲಿ ಆ ಗುರುತಿನ ಹಿಂದೆ ಜಮೀನು, ಅಧಿಕಾರ, ಹಳೆಯ ನೆತ್ತರು ಎಲ್ಲವೂ ಇದ್ದವು.

ಅವರು ಬರೆದದ್ದು ಯಾವ ಸಿದ್ಧಾಂತದ ವಿರುದ್ಧ?

ಮುಖ್ಯವಾಗಿ ಒಂದರ ವಿರುದ್ಧ: ಚರ್ಚ್, ಅದರ ಪರವಾಗಿ ಪೋಪರು, ಧರ್ಮದ ವಿಷಯದಲ್ಲಿ ತಪ್ಪು ಹೇಳಲಾರರು ಎಂಬ ಸಿದ್ಧಾಂತ. ಇದನ್ನು ಇಲ್ಲಿ ‘ಅಪ್ರಮಾದತೆ’ ಎನ್ನೋಣ. 1870ರ ಜುಲೈ 18ರಂದು ರೋಮ್‌ನಲ್ಲಿ ಒಂದನೆಯ ವ್ಯಾಟಿಕನ್ ಮಹಾಸಭೆ ಇದನ್ನು ವಿಧ್ಯುಕ್ತವಾಗಿ ಸಾರಿತು. ಪರವಾಗಿ 533 ಮತ, ವಿರೋಧವಾಗಿ ಎರಡು. ಒಪ್ಪದ ಹಲವಾರು ಬಿಷಪ್ಪರು ಮತದಾನಕ್ಕೆ ಮೊದಲೇ ಊರು ಬಿಟ್ಟಿದ್ದರು. ಪೋಪ್ ಒಂಬತ್ತನೆಯ ಪಯಸ್ ಅದನ್ನು ಘೋಷಿಸುವಾಗ ಹೊರಗೆ ಗುಡುಗು ಸಿಡಿಲಿನ ಮಳೆ. ಅದು ದೇವರ ಒಪ್ಪಿಗೆಯೋ ಸಿಟ್ಟೋ ಎಂದು ಎರಡೂ ಬಣದವರು ತಮಗೆ ಬೇಕಾದ ಹಾಗೆ ಅರ್ಥ ಹಚ್ಚಿಕೊಂಡರು.

ಒಂದು ತಪ್ಪು ತಿಳಿವಳಿಕೆಯನ್ನು ಈಗಲೇ ತಿದ್ದಿಬಿಡುತ್ತೇನೆ. ಪೋಪರು ಪಾಪವೇ ಮಾಡುವುದಿಲ್ಲ ಎಂದಾಗಲಿ, ಅವರು ಆಡಿದ ಪ್ರತಿ ಮಾತೂ ಸತ್ಯ ಎಂದಾಗಲಿ ಈ ಸಿದ್ಧಾಂತ ಹೇಳುವುದಿಲ್ಲ. ಇಡೀ ಚರ್ಚಿನ ಗುರುವಾಗಿ, ವಿಶ್ವಾಸ ಇಲ್ಲವೇ ನೀತಿಯ ವಿಷಯದಲ್ಲಿ, ಇದೇ ಕೊನೆಯ ತೀರ್ಪು ಎಂದು ಪೀಠದಿಂದ ಸಾರಿದರೆ ಆ ತೀರ್ಪಿನಲ್ಲಿ ತಪ್ಪಿರಲಾರದು, ಅಷ್ಟೇ. ಸಾಲ್ಮನ್‌ಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಅವರ ಹೆಸರು ಹೇಳಿಕೊಂಡು ವಾದಕ್ಕೆ ಇಳಿಯುವ ಹಲವರಿಗೆ ಗೊತ್ತಿರುವುದಿಲ್ಲ.

ಪುಸ್ತಕ ಯಾವುದು?

‘ದಿ ಇನ್‌ಫ್ಯಾಲಿಬಿಲಿಟಿ ಆಫ್ ದಿ ಚರ್ಚ್’, 1888. ಪಾದ್ರಿಗಳಾಗಲು ತಯಾರಾಗುತ್ತಿದ್ದ ಹುಡುಗರಿಗೆ ವರ್ಷ ವರ್ಷವೂ ಕೊಟ್ಟ ಉಪನ್ಯಾಸಗಳ ಸಂಗ್ರಹ. ತರಗತಿಯ ಮಾತಿನ ಧಾಟಿ ಹಾಗೇ ಉಳಿದಿದೆ: ಕುಚೋದ್ಯ, ಅಡ್ಡಮಾತು, ‘ನಾಳೆ ನಿಮ್ಮ ಊರಿನಲ್ಲಿ ಒಬ್ಬ ಹೀಗೆ ಕೇಳಿದರೆ ಏನು ಹೇಳುತ್ತೀರಿ’ ಎಂಬಂಥ ತಯಾರಿ. ಹತ್ತೊಂಬತ್ತನೆಯ ಶತಮಾನದ ದೇವತಾಶಾಸ್ತ್ರದ ಪುಸ್ತಕಗಳಲ್ಲಿ ನಗು ಬರಿಸುವವು ಕಡಿಮೆ. ಇದು ಬರಿಸುತ್ತದೆ.

ಅವರ ಮುಖ್ಯ ವಾದ ಏನು? ಸರಳವಾಗಿ ಹೇಳಿ.

ಅವರು ಮೊದಲು ಹಿಡಿದದ್ದು ನಮ್ಮ ತರ್ಕಶಾಸ್ತ್ರದವರು ‘ಅನ್ಯೋನ್ಯಾಶ್ರಯ’ ಎನ್ನುವ ದೋಷವನ್ನು. ಚರ್ಚ್ ತಪ್ಪು ಮಾಡಲಾರದು ಎಂದು ಹೇಗೆ ಗೊತ್ತು? ಬೈಬಲ್ ಹಾಗೆ ಹೇಳುತ್ತದೆ. ಬೈಬಲ್ಲಿನ ಆ ಮಾತಿಗೆ ಅದೇ ಅರ್ಥ ಎಂದು ಹೇಗೆ ಗೊತ್ತು? ಚರ್ಚ್ ಹಾಗೆ ಹೇಳುತ್ತದೆ. ಗೋಡೆಗೆ ಏಣಿ ಆನಿಸಿ, ಏಣಿಗೆ ಗೋಡೆ ಆನಿಸಿದ ಹಾಗೆ.

ಇಷ್ಟೇ ಆಗಿದ್ದರೆ ಅದು ಹಳೆಯ ವಾದ. ಸಾಲ್ಮನ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ, ಗಣಿತದವರು ಎಂದು ಗೊತ್ತಾಗುವುದು ಅಲ್ಲಿ. ಒಬ್ಬ ವ್ಯಕ್ತಿ ‘ನನ್ನ ಬುದ್ಧಿಗೆ ತಪ್ಪುವ ಸ್ವಭಾವ ಇದೆ, ಅದಕ್ಕೇ ತಪ್ಪದ ಗುರುವನ್ನು ಹಿಡಿದೆ’ ಎನ್ನುತ್ತಾನೆ. ಸರಿ. ಈ ಗುರು ತಪ್ಪುವುದಿಲ್ಲ ಎಂದು ತೀರ್ಮಾನಿಸಿದ್ದು ಯಾವ ಬುದ್ಧಿ? ಅದೇ ತಪ್ಪುವ ಬುದ್ಧಿ. ಹಾಗಿದ್ದಮೇಲೆ ಆ ಗುರು ಹೇಳಿದ ಯಾವ ಮಾತಿನ ಮೇಲಿನ ಖಾತರಿಯೂ ಆ ಮೊದಲ ತೀರ್ಮಾನದ ಮೇಲಿನ ಖಾತರಿಗಿಂತ ಹೆಚ್ಚಾಗಲಾರದು. ಪ್ರಮೇಯ ಎಷ್ಟೇ ಭವ್ಯವಾಗಿರಲಿ, ಆಧಾರವಾಗಿ ಹಿಡಿದ ಗೃಹೀತ ಸಡಿಲವಾಗಿದ್ದರೆ ಪ್ರಮೇಯವೂ ಅಷ್ಟೇ ಸಡಿಲ. ನನ್ನದೇ ಉದಾಹರಣೆ ಕೊಡುವುದಾದರೆ, ಲೆಕ್ಕ ಬಾರದವನೊಬ್ಬ ‘ನನ್ನ ಕ್ಯಾಲ್ಕುಲೇಟರ್ ಎಂದೂ ತಪ್ಪುವುದಿಲ್ಲ’ ಎಂದು ಆಣೆ ಇಟ್ಟರೆ, ಆ ಆಣೆಯನ್ನು ಪರೀಕ್ಷಿಸಲು ಅವನ ಹತ್ತಿರ ಇರುವುದು ಮತ್ತೆ ಅವನ ಲೆಕ್ಕವೇ.

ಇದೇ ಬಾಣವನ್ನು ಪ್ರೊಟೆಸ್ಟೆಂಟರ ಕಡೆಗೂ ತಿರುಗಿಸಬಹುದಲ್ಲ? ಅವರು ಬೈಬಲ್ಲನ್ನು ನಂಬಿದ್ದು ಯಾವ ಬುದ್ಧಿಯಿಂದ?

ತಿರುಗಿಸಬಹುದು. ತಿರುಗಿಸಿದ್ದಾರೆ ಕೂಡ. ಆದರೆ ಸಾಲ್ಮನ್ ಓಡಿಹೋಗುವುದಿಲ್ಲ. ಹೌದು, ನಮ್ಮ ಖಾತರಿಯೂ ಮನುಷ್ಯರ ಖಾತರಿಯೇ, ಅದಕ್ಕಿಂತ ಮೇಲಿನದು ಯಾರಿಗೂ ಸಿಕ್ಕಿಲ್ಲ, ಬದುಕಿನ ದೊಡ್ಡ ನಿರ್ಧಾರಗಳನ್ನೆಲ್ಲ ಅಷ್ಟರ ಮೇಲೇ ಮಾಡುತ್ತೇವೆ ಎಂಬುದು ಅವರ ನಿಲುವು. ತಮ್ಮ ಪಕ್ಷಕ್ಕೆ ಗೆಲುವಿನ ಮಾಲೆ ಹಾಕದೆ ಎರಡೂ ಪಕ್ಷವನ್ನು ಒಂದೇ ನೆಲದ ಮೇಲೆ ನಿಲ್ಲಿಸುತ್ತಾರೆ. ಪುಸ್ತಕದಲ್ಲಿ ನನಗೆ ತೀರಾ ಹಿಡಿಸಿದ್ದು ಈ ಜಾಗ.

ನಮ್ಮಲ್ಲಿ ಶಬ್ದಪ್ರಮಾಣದ (ನಂಬಬಹುದಾದ ಮಾತನ್ನೇ ಜ್ಞಾನಕ್ಕೆ ಆಧಾರ ಮಾಡಿಕೊಳ್ಳುವುದರ) ಚರ್ಚೆ ಓದಿದವರಿಗೆ ಇದು ಪರಿಚಿತ ಅನ್ನಿಸಬಹುದು. ಒಂದು ದೊಡ್ಡ ವ್ಯತ್ಯಾಸವಿದೆ. ಮೀಮಾಂಸಕರು ವೇದಕ್ಕೆ ಕರ್ತೃವೇ ಇಲ್ಲ, ಹೇಳಿದವನಿಲ್ಲದ ಮಾತಿಗೆ ಹೇಳಿದವನ ದೋಷ ಅಂಟುವುದು ಹೇಗೆ ಎಂದು ಪಾರಾದರು. ರೋಮ್‌ಗೆ ಆ ದಾರಿ ಇರಲಿಲ್ಲ. ಅಲ್ಲಿ ಮಾತಾಡುವವರು ಹೆಸರು, ತಾರೀಖು, ದಾಖಲೆ ಎಲ್ಲ ಇರುವ ಮನುಷ್ಯರು. ಸಾಲ್ಮನ್ ಆ ದಾಖಲೆಗಳಿಗೇ ಕೈಹಾಕಿದರು.

ದಾಖಲೆಗಳಿಂದ ಏನು ತೆಗೆದರು?

ಬಹಳ. ನಾಲ್ಕೇ ಹೇಳುತ್ತೇನೆ.

ಏಳನೆಯ ಶತಮಾನದ ಪೋಪ್ ಹೊನೋರಿಯಸ್, ಕ್ರಿಸ್ತನಲ್ಲಿ ಇದ್ದದ್ದು ಒಂದೇ ಸಂಕಲ್ಪ (ದೈವಸಂಕಲ್ಪ, ಮಾನವಸಂಕಲ್ಪ ಎಂದು ಎರಡಲ್ಲ) ಎಂಬ ಪಕ್ಷಕ್ಕೆ ಒತ್ತಾಸೆಯಾಗುವಂಥ ಪತ್ರಗಳನ್ನು ಬರೆದರು. ಅವರು ಸತ್ತು ನಾಲ್ವತ್ತು ವರ್ಷ ಕಳೆದ ಮೇಲೆ, 680–81ರ ಮಹಾಸಭೆ ಅವರ ಹೆಸರು ಹಿಡಿದು ಖಂಡಿಸಿತು.

ಪೋಪ್ ಐದನೆಯ ಸಿಕ್ಸ್ಟಸ್ 1590ರಲ್ಲಿ ಲ್ಯಾಟಿನ್ ಬೈಬಲ್ಲಿನ ಅಧಿಕೃತ ಆವೃತ್ತಿಯನ್ನು ತಾವೇ ಕೂತು ತಿದ್ದಿ ಹೊರತಂದು, ಇದನ್ನೇ ಎಲ್ಲರೂ ಬಳಸಬೇಕೆಂದು ಕಟ್ಟಪ್ಪಣೆ ಮಾಡಿದರು. ಅದೇ ವರ್ಷ ತೀರಿಕೊಂಡರು. ಪ್ರತಿಗಳನ್ನು ವಾಪಸು ತರಿಸಿಕೊಂಡು, ಸಾವಿರಾರು ಕಡೆ ಬದಲಾಯಿಸಿ, 1592ರಲ್ಲಿ ಎಂಟನೆಯ ಕ್ಲೆಮೆಂಟ್ ಹೊಸ ಆವೃತ್ತಿ ತರಬೇಕಾಯಿತು.

ಮೂರನೆಯದು ಗೆಲಿಲಿಯೋ ಪ್ರಕರಣ. ಎಲ್ಲರಿಗೂ ಗೊತ್ತಿರುವುದರಿಂದ ಬಿಡುತ್ತೇನೆ.

ನಾಲ್ಕನೆಯದು ಚಿಕ್ಕದು, ಆದರೆ ಚುಚ್ಚುವಂಥದು. ಕೀನನ್ ಎಂಬ ಕ್ಯಾಥೊಲಿಕ್ ಗುರು ಬರೆದ, ಸ್ಕಾಟ್ಲೆಂಡಿನ ಬಿಷಪ್ಪರ ಒಪ್ಪಿಗೆ ಪಡೆದ ಪ್ರಶ್ನೋತ್ತರ ಪುಸ್ತಕವೊಂದಿತ್ತು. ಪೋಪರು ಅಪ್ರಮಾದಿ ಎಂದು ಕ್ಯಾಥೊಲಿಕರು ನಂಬಲೇಬೇಕಲ್ಲವೇ ಎಂಬ ಪ್ರಶ್ನೆಗೆ ಅದರಲ್ಲಿದ್ದ ಉತ್ತರ, ಇದು ಪ್ರೊಟೆಸ್ಟೆಂಟರು ಕಟ್ಟಿದ ಕತೆ ಎಂಬ ಅರ್ಥದ್ದು. 1870 ಆದಮೇಲೆ ಆ ಪ್ರಶ್ನೆ, ಆ ಉತ್ತರ ಎರಡೂ ಪುಸ್ತಕದಿಂದ ಸದ್ದಿಲ್ಲದೆ ಮಾಯವಾದವು. ಸಾಲ್ಮನ್ ಇದನ್ನು ಎತ್ತಿ ತೋರಿಸುವಾಗ ತರಗತಿಯಲ್ಲಿ ಎದ್ದಿರಬಹುದಾದ ನಗು ಇವತ್ತೂ ಕೇಳಿಸುತ್ತದೆ.

ಇವುಗಳ ಜೊತೆಗೆ ಇನ್ನೊಂದು ಬಗೆಯ ಪ್ರಶ್ನೆಯೂ ಇದೆ: ತಪ್ಪದ ಗುರು ಇದ್ದೂ ಸುಮ್ಮನಿದ್ದದ್ದೇಕೆ? ದೇವರ ಕೃಪೆ ಮತ್ತು ಮನುಷ್ಯನ ಸ್ವಾತಂತ್ರ್ಯ ಹೇಗೆ ಒಟ್ಟಿಗೆ ನಿಲ್ಲುತ್ತವೆ ಎಂದು ಡೊಮಿನಿಕನ್ನರು, ಜೆಸ್ಯೂಟರು ಎಂಬ ಎರಡು ಕ್ಯಾಥೊಲಿಕ್ ಗುರುಪಂಥಗಳವರು ರೋಮ್‌ನಲ್ಲೇ ವರ್ಷಗಟ್ಟಲೆ ಜಗಳವಾಡಿದರು. 1607ರಲ್ಲಿ ಪೋಪರು ಯಾರ ಪರವಾಗಿಯೂ ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಧರ್ಮದ್ರೋಹಿ ಎನ್ನಬೇಡಿ ಎಂದು ಮನೆಗೆ ಕಳಿಸಿದರು. ದಾರಿ ಗೊತ್ತಿರುವ ಮಾರ್ಗದರ್ಶಿ ಕವಲುದಾರಿಯಲ್ಲೇ ಬಾಯಿ ಮುಚ್ಚಿ ನಿಂತರೆ ಉಪಯೋಗವೇನು ಎಂಬುದು ಸಾಲ್ಮನ್ ಅವರ ಕುಟುಕು.

ನ್ಯೂಮನ್ ಜೊತೆ ಅವರ ಸಂಬಂಧ?

ಇಬ್ಬರೂ ಒಂದೇ ಊರಿನಲ್ಲಿ ಕೆಲವು ವರ್ಷ ಇದ್ದರು. ಆಂಗ್ಲಿಕನ್ ಪಾದ್ರಿಯಾಗಿದ್ದ ಜಾನ್ ಹೆನ್ರಿ ನ್ಯೂಮನ್ 1845ರಲ್ಲಿ ಕ್ಯಾಥೊಲಿಕರಾಗಿ, 1850ರ ದಶಕದಲ್ಲಿ ಡಬ್ಲಿನ್‌ಗೆ ಬಂದು ಕ್ಯಾಥೊಲಿಕ್ ವಿಶ್ವವಿದ್ಯಾಲಯ ನಡೆಸಿದರು. ಅದಿದ್ದದ್ದು ಸೇಂಟ್ ಸ್ಟೀಫನ್ಸ್ ಗ್ರೀನ್‌ನಲ್ಲಿ, ಟ್ರಿನಿಟಿಯಿಂದ ಹತ್ತು ನಿಮಿಷದ ನಡಿಗೆ. ಸಾಲ್ಮನ್ ಆಗ ಶಂಕುಜಗಳಲ್ಲಿ ಮುಳುಗಿದ್ದರು.

ಚರ್ಚಿನ ಸಿದ್ಧಾಂತಗಳು ಬೀಜ ಮರವಾದ ಹಾಗೆ ಕಾಲಕ್ರಮದಲ್ಲಿ ಬೆಳೆಯುತ್ತವೆ ಎಂಬುದು ನ್ಯೂಮನ್ ಅವರ ಹೆಸರಾಂತ ವಾದ. ಸಾಲ್ಮನ್ ಇದನ್ನು ಸೋಲೊಪ್ಪಿಗೆ ಎಂದೇ ಓದಿದರು. ಮೊದಲಿನಿಂದಲೂ ಇದನ್ನೇ ನಂಬಿದ್ದೆವು ಎಂಬುದು ರೋಮ್‌ನ ಹಳೆಯ ಹೇಳಿಕೆ. ಈಗ ಬೆಳೆಯುತ್ತಾ ಬಂತು ಎನ್ನುವುದಾದರೆ ಹಳೆಯ ಹೇಳಿಕೆಯನ್ನು ಬಿಟ್ಟುಕೊಟ್ಟ ಹಾಗಾಯಿತಲ್ಲ ಎಂದರು. ನನ್ನ ಮಟ್ಟಿಗೆ ಇಲ್ಲಿ ಸಾಲ್ಮನ್ ಸ್ವಲ್ಪ ಅವಸರ ಮಾಡಿದ್ದಾರೆ. ನ್ಯೂಮನ್ ವಾದದ ನವಿರು ಎಳೆಗಳು ಅವರ ಕೈಗೆ ಸಿಗುವುದಿಲ್ಲ. ಸಮೀಕರಣಕ್ಕೆ ಉತ್ತರ ಒಂದೋ ಬರುತ್ತದೆ ಇಲ್ಲವೇ ಬರುವುದಿಲ್ಲ ಎಂಬ ಮನಸ್ಸಿಗೆ ಬೀಜ-ಮರದ ಹೋಲಿಕೆ ರುಚಿಸದೆ ಇದ್ದದ್ದು ಸಹಜ.

ಕ್ಯಾಥೊಲಿಕರು ಉತ್ತರ ಕೊಟ್ಟರಾ?

ಕೊಟ್ಟರು. 1901–02ರಲ್ಲಿ ಐರಿಶ್ ಕ್ಯಾಥೊಲಿಕ್ ಪತ್ರಿಕೆಯೊಂದರಲ್ಲಿ ಸರಣಿ ಲೇಖನಗಳು ಬಂದವು. ಹೆಚ್ಚು ತೂಕದ ಉತ್ತರ ಬಂದದ್ದು 1954ರಲ್ಲಿ, ಸಾಲ್ಮನ್ ಪುಸ್ತಕದ ಸಂಕ್ಷಿಪ್ತ ಆವೃತ್ತಿ ಎರಡು ವರ್ಷ ಮೊದಲು ಹೊರಬಂದು ಮತ್ತೆ ಓಡಾಡತೊಡಗಿದಾಗ. ಬರೆದವರು ಇಂಗ್ಲೆಂಡಿನ ಡೌನ್‌ಸೈಡ್ ಮಠದ ಮುಖ್ಯಸ್ಥ ಕ್ರಿಸ್ಟೋಫರ್ ಬಟ್ಲರ್. ಇವರೂ ಮೊದಲು ಆಂಗ್ಲಿಕನ್, 1928ರಲ್ಲಿ ಕ್ಯಾಥೊಲಿಕರಾದವರು, ಮುಂದೆ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಪಾಲ್ಗೊಂಡವರು. ನ್ಯೂಮನ್ ಮಾತುಗಳನ್ನು ಸಾಲ್ಮನ್ ಸರಿಯಾಗಿ ಓದಿಲ್ಲ ಎಂಬುದು ಅವರ ಮುಖ್ಯ ಆಕ್ಷೇಪಗಳಲ್ಲೊಂದು, ಅದರಲ್ಲಿ ಹುರುಳಿದೆ.

ದಾಖಲೆಗಳ ವಿಷಯಕ್ಕೆ ಕ್ಯಾಥೊಲಿಕರ ಸಾಮಾನ್ಯ ಉತ್ತರ ಹೀಗೆ: ಹೊನೋರಿಯಸ್ ಬರೆದದ್ದು ಪತ್ರ, ಪೀಠದ ತೀರ್ಪಲ್ಲ. ಗೆಲಿಲಿಯೋಗೆ ಶಿಕ್ಷೆ ವಿಧಿಸಿದ್ದು ರೋಮ್‌ನ ವಿಚಾರಣಾ ಮಂಡಳಿ, ಅದು ಅಪ್ರಮಾದಿ ಎಂದು ಯಾರೂ ಹೇಳಿಲ್ಲ. ತರ್ಕ ಸರಿಯೇ. ಆದರೆ ಹೀಗೆ ಬೇಲಿ ಬಿಗಿ ಮಾಡುತ್ತಾ ಹೋದರೆ ಒಳಗೆ ಉಳಿಯುವುದು ಕಡಿಮೆ. 1870ರ ನಂತರ ಪೋಪರೊಬ್ಬರು ನಿಸ್ಸಂದೇಹವಾಗಿ ಈ ಅಧಿಕಾರ ಬಳಸಿದ್ದು ಒಂದೇ ಸಲ, 1950ರಲ್ಲಿ, ಮಾತೆ ಮರಿಯಮ್ಮ ದೇಹಸಮೇತ ಸ್ವರ್ಗಕ್ಕೆ ಏರಿದರು ಎಂಬ ಘೋಷಣೆಗೆ.

ಅವರು ಕ್ಯಾಥೊಲಿಕ್ ದ್ವೇಷಿಯೇ?

ಬೈಗುಳದ ಸಾಹಿತ್ಯ ಆಗ ಐರ್ಲೆಂಡಿನಲ್ಲಿ ಹೇರಳವಾಗಿತ್ತು, ಎರಡೂ ಕಡೆ. ಸಾಲ್ಮನ್ ಆ ಸಾಲಿಗೆ ಸೇರಿದವರಲ್ಲ. ಅವರ ಗುರುಸ್ಥಾನದಲ್ಲಿದ್ದವರು ಡಬ್ಲಿನ್‌ನ ಆರ್ಚ್‌ಬಿಷಪ್ ರಿಚರ್ಡ್ ವೇಟ್ಲಿ. ತರ್ಕಶಾಸ್ತ್ರದ ಪಠ್ಯ ಬರೆದು ಹೆಸರಾದ ಆಸಾಮಿ. ವಾದದಲ್ಲಿ ಎದುರಾಳಿಯ ಕೊರಳು ಹಿಡಿಯದೆ ಅವನ ಆಧಾರವಾಕ್ಯ ಹಿಡಿಯಬೇಕು ಎಂಬ ಪಾಠ ಸಾಲ್ಮನ್‌ಗೆ ಅಲ್ಲಿಂದ ಬಂದಿರಬೇಕು.

ಹಾಗೆಂದು ಅವರನ್ನು ಸರ್ವಧರ್ಮ ಸಮನ್ವಯದ ಮೂರ್ತಿ ಮಾಡುವುದೂ ಬೇಡ. ವ್ಯಂಗ್ಯ ಹರಿತ, ಕೆಲವು ಕಡೆ ತಿರಸ್ಕಾರವೇ ಇದೆ. ಪ್ರಬಲ ಅಲ್ಪಸಂಖ್ಯಾತರ ಕೋಟೆಯೊಳಗೆ ಕೂತು ಬರೆದ ಪುಸ್ತಕ ಅದು. ಟ್ರಿನಿಟಿಯಲ್ಲಿ ಕ್ಯಾಥೊಲಿಕರು ಪದವಿ ಪಡೆಯಬಹುದಿತ್ತು, ಆದರೆ 1873ರವರೆಗೆ ಫೆಲೋ ಆಗುವಂತಿರಲಿಲ್ಲ. ಆ ನಿರ್ಬಂಧ ಹೋದ ಎರಡೇ ವರ್ಷಕ್ಕೆ ಕ್ಯಾಥೊಲಿಕ್ ಬಿಷಪ್ಪರು ತಮ್ಮ ಜನ ಟ್ರಿನಿಟಿಗೆ ಹೋಗಕೂಡದು ಎಂದು ತಡೆ ಒಡ್ಡಿದರು. ಅದು ತೆರವಾಗಿದ್ದು 1970ರಲ್ಲಿ.

ತಮ್ಮ ಚರ್ಚಿಗೆ ಅವರು ಬರೆದದ್ದು ಬಿಟ್ಟು ಇನ್ನೇನು ಮಾಡಿದರು?

1869ರಲ್ಲಿ ಬ್ರಿಟನ್ನಿನ ಪ್ರಧಾನಿ ಗ್ಲ್ಯಾಡ್‌ಸ್ಟನ್ ಸರ್ಕಾರ ಕಾನೂನು ಮಾಡಿ, 1871ರ ಜನವರಿ 1ರಿಂದ ಚರ್ಚ್ ಆಫ್ ಐರ್ಲೆಂಡಿನ ಸರ್ಕಾರಿ ಪಟ್ಟ ತೆಗೆದುಹಾಕಿತು. ಏಕಾಏಕಿ ಸ್ವಂತ ಕಾಲ ಮೇಲೆ ನಿಲ್ಲಬೇಕಾದ ಸಂಸ್ಥೆಗೆ ಲೆಕ್ಕ ಬಲ್ಲ ಪಾದ್ರಿ ದೊಡ್ಡ ಆಸ್ತಿ. ಹಣಕಾಸು, ಪ್ರಾರ್ಥನಾ ಪುಸ್ತಕದ ಪರಿಷ್ಕರಣೆ ಎರಡರಲ್ಲೂ ಸಾಲ್ಮನ್ ಕೈ ಇತ್ತು.

ಗಣಿತದಲ್ಲಿ ಅವರ ಸಾಧನೆ?

1848ರ ಶಂಕುಜಗಳ ಪುಸ್ತಕ ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿತು, ಜರ್ಮನ್ ಭಾಷೆಗೂ ಹೋಯಿತು. ದೀರ್ಘವೃತ್ತ, ಪರವಲಯ, ಅತಿಪರವಲಯಗಳನ್ನು ಸಮೀಕರಣಗಳ ಮೂಲಕ ಕಲಿಸುವ ಪಠ್ಯಗಳ ಮೇಲೆ ಅದರ ನೆರಳು ಬಹಳ ಕಾಲ ಬಿತ್ತು.

ಶೋಧದ ಕಡೆ ನೋಡಿದರೆ 1849ರ ಫಲಿತಾಂಶ ಮನೋಹರ. ಮೂರನೆಯ ಘಾತದ ಸಮೀಕರಣವೊಂದು ಬಾಗು ಬಳುಕಿನ ಮೇಲ್ಮೈಯನ್ನು ಕೊಡುತ್ತದೆ. ಅಂಥ ಡೊಂಕು ಮೇಲ್ಮೈಯ ಮೇಲೆ ನೆಟ್ಟಗಿನ ಸರಳರೇಖೆಗಳು ಪೂರ್ತಿಯಾಗಿ ಮಲಗಲು ಸಾಧ್ಯವೇ? ಸಾಧ್ಯ, ಆದರೆ ಅವುಗಳ ಸಂಖ್ಯೆಗೆ ಮಿತಿಯಿದೆ ಎಂದು ಇಂಗ್ಲೆಂಡಿನ ಗಣಿತಜ್ಞ ಆರ್ಥರ್ ಕೇಲಿ ಕಂಡರು. ಎಷ್ಟು ಎಂದು ಹೇಳಿದವರು ಸಾಲ್ಮನ್: ಮೇಲ್ಮೈಯಲ್ಲಿ ಎಲ್ಲೂ ಮೊನೆ, ಮಡಿಕೆ ಇಲ್ಲದಿದ್ದರೆ, ಮಿಶ್ರಸಂಖ್ಯೆಗಳನ್ನೂ (−1ರ ವರ್ಗಮೂಲವನ್ನು ಒಳಗೊಂಡ ಸಂಖ್ಯೆಗಳನ್ನೂ) ಲೆಕ್ಕಕ್ಕೆ ಸೇರಿಸಿಕೊಂಡರೆ, ಸರಿಯಾಗಿ 27. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ರಾಯಲ್ ಸೊಸೈಟಿಯ ರಾಯಲ್ ಪದಕ 1868ರಲ್ಲಿ, ಅದರ ಅತ್ಯುನ್ನತ ಗೌರವವಾದ ಕಾಪ್ಲಿ ಪದಕ 1889ರಲ್ಲಿ ಬಂತು. ಪೋಪರ ವಿರುದ್ಧದ ಪುಸ್ತಕ ಹೊರಬಂದ ಮರುವರ್ಷ ಅದು.

ದೇವತಾಶಾಸ್ತ್ರಕ್ಕೆ ಹೋದಮೇಲೂ ಲೆಕ್ಕದ ಚಟ ಬಿಡಲಿಲ್ಲ. 1ನ್ನು 7ರಿಂದ ಭಾಗಿಸಿದರೆ 142857 ಎಂಬ ಆರು ಅಂಕಿಗಳು ಮರಳಿ ಮರಳಿ ಬರುತ್ತವಲ್ಲ, ಹಾಗೆ ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆಗಳಿಗೆ ಎಷ್ಟು ಅಂಕಿಗಳ ನಂತರ ಆವರ್ತನೆ ಶುರುವಾಗುತ್ತದೆ ಎಂದು ಹುಡುಕುವುದು ಅವರಿಗೆ ಹೊತ್ತು ಕಳೆಯುವ ಆಟ.

ಚೆಸ್ ಆಡುತ್ತಿದ್ದರಂತೆ?

ಚೆನ್ನಾಗಿ. 1858ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಮೆರಿಕದ ಪಾಲ್ ಮಾರ್ಫಿ ಹಲಗೆ ನೋಡದೆ ಏಕಕಾಲಕ್ಕೆ ಎಂಟು ಜನರೊಂದಿಗೆ ಆಡಿದಾಗ ಆ ಎಂಟರಲ್ಲಿ ಸಾಲ್ಮನ್ ಒಬ್ಬರು. ಸೋತರು.

ಮಹಿಳೆಯರ ಪ್ರವೇಶವನ್ನು ವಿರೋಧಿಸಿದ್ದು ನಿಜವೇ?

ನಿಜ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಟ್ರಿನಿಟಿಯಲ್ಲಿ ಹೆಣ್ಣುಮಕ್ಕಳಿಗೂ ಪದವಿ ಕೊಡಿ ಎಂಬ ಕೂಗು 1890ರ ದಶಕದಲ್ಲಿ ಜೋರಾದಾಗ ಅಡ್ಡ ನಿಂತವರಲ್ಲಿ ಪ್ರೊವೋಸ್ಟ್ ಸಾಲ್ಮನ್ ಮುಖ್ಯರು. ‘ನನ್ನ ಹೆಣ ಬಿದ್ದ ಮೇಲೆ’ ಎಂದಿದ್ದರು ಎಂಬ ಕತೆ ಡಬ್ಲಿನ್‌ನಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಕತೆಗೆ ಕಾಲು ಬಂದದ್ದು ತಾರೀಖುಗಳಿಂದ: ಮೊದಲ ವಿದ್ಯಾರ್ಥಿನಿಯರು ಸೇರಿದ್ದು 1904ರ ಜನವರಿಯಲ್ಲಿ, ಸಾಲ್ಮನ್ ತೀರಿಕೊಂಡದ್ದು ಅದೇ ಜನವರಿ 22ರಂದು. ಕೊನೆಗೆ ತಮ್ಮ ವಿರೋಧವನ್ನು ಅವರೇ ಕೈಬಿಟ್ಟಿದ್ದರು ಎಂಬುದನ್ನು ಕತೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಯಾವ ಮಾತನ್ನೂ ಆಧಾರವಿಲ್ಲದೆ ಒಪ್ಪಬಾರದು ಎಂದು ಇಪ್ಪತ್ತೆರಡು ವರ್ಷ ಹುಡುಗರಿಗೆ ಕಲಿಸಿದ ಮೇಷ್ಟ್ರು, ಹುಡುಗಿಯರ ವಿಷಯ ಬಂದಾಗ ತಮ್ಮ ಮಾತಿಗೆ ಕೊಟ್ಟ ಆಧಾರಗಳು ಬಡವಾಗಿದ್ದವು.

ಅವರ ಮಾತಿನ ಚುರುಕಿಗೆ ಒಂದು ಉದಾಹರಣೆ?

ಟ್ರಿನಿಟಿಯಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದ ಒಂದು ಪ್ರಸಂಗವಿದೆ. ಹುಡುಗರನ್ನು ಹೊಡೆದು ತಿದ್ದಬೇಕೇ ಎಂಬ ಮಾತು ನಡೆದಿತ್ತಂತೆ. ಅಲ್ಲಿನ ಪ್ರಾಧ್ಯಾಪಕ, ಬಣ್ಣದ ಮಾತಿಗೆ ಹೆಸರಾದ ಮಹಾಫಿ, ‘ನನ್ನ ಜೀವಮಾನದಲ್ಲಿ ಏಟು ತಿಂದದ್ದು ಒಂದೇ ಸಲ, ಅದೂ ನಿಜ ಹೇಳಿದ್ದಕ್ಕೆ’ ಎಂದರಂತೆ. ‘ಒಂದೇ ಏಟಿಗೆ ವಾಸಿಯಾಯಿತು ನೋಡಿ’ ಎಂದರಂತೆ ಸಾಲ್ಮನ್.

ಅವರ ನೆನಪಿಗೆ ಈಗ ಏನಿದೆ?

ಸಮಾಧಿ ಡಬ್ಲಿನ್‌ನ ಮೌಂಟ್ ಜೆರೋಮ್‌ನಲ್ಲಿ. ಟ್ರಿನಿಟಿಯ ಮುಂಭಾಗದ ಅಂಗಳದಲ್ಲಿ ಜಾನ್ ಹ್ಯೂಸ್ ಕೆತ್ತಿದ ಅಮೃತಶಿಲೆಯ ಪ್ರತಿಮೆ, ಕುರ್ಚಿಯ ಮೇಲೆ ಕೂತ ಭಂಗಿಯಲ್ಲಿ. ತರಗತಿಗೆ ಹೋಗುವ ಹೆಣ್ಣುಮಕ್ಕಳು ದಿನವೂ ಅದರ ಮುಂದೆಯೇ ಹಾದುಹೋಗುತ್ತಾರೆ.

ಓದಲು ಎಲ್ಲಿಂದ ಶುರುಮಾಡಲಿ?

ಇಡೀ ಪುಸ್ತಕ ದಪ್ಪ, ಪೋಪರ ಇತಿಹಾಸದ ಪರಿಚಯ ಇಲ್ಲದಿದ್ದರೆ ನಡುವೆ ಸುಸ್ತಾಗುತ್ತದೆ. ಮೊದಲು ಚಕ್ರಾಕಾರದ ವಾದದ ಬಗೆಗಿನ ಉಪನ್ಯಾಸ ಓದಿ. ಹಿಡಿಸಿದರೆ, ‘ತಪ್ಪದ ಮಾರ್ಗದರ್ಶಿಯ ಹಿಂಜರಿಕೆಗಳು’, ‘ತಪ್ಪದ ಮಾರ್ಗದರ್ಶಿಯ ಎಡವಟ್ಟುಗಳು’ ಎಂಬರ್ಥದ ಶೀರ್ಷಿಕೆಗಳಿರುವ ಭಾಗಗಳಿಗೆ ಹೋಗಿ. ಪಕ್ಕದಲ್ಲಿ ಬಟ್ಲರ್ ಅವರ ಉತ್ತರವನ್ನೂ ಇಟ್ಟುಕೊಳ್ಳಿ, ಒಂದು ಅಧ್ಯಾಯ ಇದು, ಒಂದು ಅಧ್ಯಾಯ ಅದು. ಗಣಿತದ ಸಾಲ್ಮನ್ ಮಾತ್ರ ಸಾಕು ಎನ್ನುವವರು ಶಂಕುಜಗಳ ಪುಸ್ತಕವನ್ನು ಪೆನ್ಸಿಲ್ ಹಿಡಿದೇ ಓದಬೇಕು.